ಕೂಗದೆ ಹಾಕಿದ ಉಪ್ಪು

ವಡಾಲ ಸ್ಟೇಷನ್ನಿನ ಹೊರಗಿದ್ದ ನನ್ನ ಸೋದರಮಾವನ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತವನಿಗೆ ಅಡುಗೆಮನೆ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು. ಬೆಳಗಿನ ತಿಂಡಿಯ ಗಲಾಟೆ ಇಳಿದು, ಮಧ್ಯಾಹ್ನದ ರೈಸ್ ಪ್ಲೇಟಿಗೆ ಇನ್ನೂ ಹೊತ್ತಿರುವಾಗ ಒಳಗಿನಿಂದ ಒಂದು ಕೂಗು ಬರುತ್ತಿತ್ತು: "ಸಾಂಬಾರಿಗೆ ಉಪ್ಪು ಬಿತ್ತು!" ಕೂಡಲೇ ದೋಸೆ ಕಾವಲಿಯ ಬಳಿಯಿಂದ, ಅರೆಯುವ ಕಲ್ಲಿನ ಮೂಲೆಯಿಂದ, ಪಾತ್ರೆ ತೊಳೆಯುವ ಮೋರಿಯಿಂದ ಉತ್ತರ: "ಬಿತ್ತು!" ಹೊಸ ಗಿರಾಕಿಗಳು ಬೆಚ್ಚಿ ಒಳಗೆ ಇಣುಕುತ್ತಿದ್ದರು. ಹಳಬರು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಈ ಕೂಗಿಗೆ ಕಾರಣ ನಮ್ಮ ಹೋಟೆಲಿನ ದೊಡ್ಡ ಭಟ್ಟರು. ಉಡುಪಿ ಕಡೆಯ ದೇವಸ್ಥಾನವೊಂದರ ಅಡುಗೆಮನೆಯಲ್ಲಿ ಕೆಲಸ ಕಲಿತು ಮುಂಬಯಿಗೆ ಬಂದವರು. ದೇವರಿಗೆ ಇಡುವ ಮೊದಲು ಅಡುಗೆಯ ರುಚಿ ನೋಡಬಾರದು ಎಂಬುದು ಅಲ್ಲಿಯ ನಿಯಮ. ಇಲ್ಲಿ ದೇವರ ಜಾಗದಲ್ಲಿ ಬಂದರಿನ ಗುಮಾಸ್ತರಿದ್ದರು, ಆದರೆ ನಿಯಮ ಬದಲಾಗಿರಲಿಲ್ಲ. ಗಿರಾಕಿಯ ತಟ್ಟೆಗೆ ಬೀಳುವ ತನಕ ಅಡುಗೆಮನೆಯ ಯಾರ ನಾಲಿಗೆಗೂ ಒಂದು ತೊಟ್ಟು ತಾಗುವಂತಿಲ್ಲ. ರುಚಿ ನೋಡುವ ಹಾಗಿಲ್ಲ ಎಂದ ಮೇಲೆ ಉಪ್ಪು ಎರಡು ಸಲ ಬೀಳಬಾರದಲ್ಲ? ಅದಕ್ಕೇ ಹಾಕಿದವರು ಕೂಗಬೇಕು, ಉಳಿದವರು ಒಪ್ಪಿಕೊಳ್ಳಬೇಕು. ವ್ಯವಸ್ಥೆ ಇಷ್ಟೇ.

ನಾನು ಆಗ ಬಿ.ಎ. ಓದುತ್ತಿದ್ದೆ. ಬೆಳಿಗ್ಗೆ ಕಾಲೇಜು, ಬಂದ ಮೇಲೆ ಮಾವನ ಗಲ್ಲಾ. ಕಾಲೇಜಿನ ಚರ್ಚಾಕೂಟದಲ್ಲಿ ನನ್ನನ್ನು ತಯಾರು ಮಾಡಿದ ಮೇಷ್ಟರು ಹೇಳಿಕೊಟ್ಟಿದ್ದು ಒಂದೇ: ಮೊದಲು ಮಾತನ್ನು ಅನುಮಾನಿಸು, ಆಮೇಲೆ ಮಾತಾಡಿದವನನ್ನು. ಆ ಪಾಠವನ್ನು ನಾನು ಕಾಲೇಜಿನಲ್ಲೇ ಬಿಟ್ಟು ಬರುತ್ತಿರಲಿಲ್ಲ. ನಾನು ಒಳಗೆ ಕಾಲಿಟ್ಟರೆ ಭಟ್ಟರು, "ವಕೀಲರು ಬಂದರು, ಹಾಲು ಮುಚ್ಚಿಡಿ, ಒಡೆದೀತು" ಎನ್ನುತ್ತಿದ್ದರು.

ನನ್ನ ಕುತೂಹಲವೆಲ್ಲ ಆ ಭಟ್ಟರ ಮೇಲೆಯೇ ಇತ್ತು. ಅವರ ಮಾತನ್ನು ಎಲ್ಲರೂ ಯಾಕೆ ಕೇಳುತ್ತಾರೆ? ಅವರು ಧನಿಯಲ್ಲ, ಧನಿ ನನ್ನ ಮಾವ. ಗದರಿಸುವವರೂ ಅಲ್ಲ. ಮೈಕಟ್ಟು ನೋಡಿದರೆ ಒಂದು ಕೊಡ ನೀರು ಎತ್ತಲು ಎರಡು ಸಲ ಯೋಚಿಸುವವರು. ಆದರೂ ಮಾವ ಹೇಳಿದ್ದಕ್ಕೆ "ಆಯ್ತು ಧನಿ" ಎಂದು ನಿಂತಲ್ಲೇ ನಿಲ್ಲುವ ಜನ, ಭಟ್ಟರು ಹುಬ್ಬು ಎತ್ತಿದರೆ ಓಡುತ್ತಿದ್ದರು. ಹೆದರಿಕೆಯೇ? ಜಾತಿಯ ಗೌರವವೇ? ಬರೀ ರೂಢಿಯೇ? ನಾನು ಒಂದೊಂದನ್ನೂ ಪಕ್ಷವಾಗಿ ಮಂಡಿಸಿ, ಒಂದೊಂದನ್ನೂ ನಾನೇ ಖಂಡಿಸುತ್ತಿದ್ದೆ. ಮಾವನನ್ನು ಕೇಳಿದರೆ, "ಖಾಲಿಪೀಲಿ ತಲೆ ತಿನ್ಬೇಡ. ಅವರ ಮಾತಲ್ಲಿ ಜನಕ್ಕೆ ನಂಬಿಕೆ ಉಂಟು. ಧಂದಾ ನಡೀತದೆ. ಮುಗೀತಲ್ಲ!" ಎಂದರು.

ಮುಗಿಯಲಿಲ್ಲ. ನಾನು ನೇರ ಭಟ್ಟರ ಬಳಿಗೇ ಹೋದೆ.

"ರುಚಿ ನೋಡದೆ ಉಪ್ಪು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ ಭಟ್ಟರೇ?"

"ಹಾಕಿದವ ಹೇಳ್ತಾನಲ್ಲ."

"ಅವನು ತಪ್ಪಿದರೆ?"

"ತಪ್ಪಿದರೆ ಗಿರಾಕಿ ಹೇಳ್ತಾನೆ."

"ಅದಕ್ಕಿಂತ ಒಂದು ಚಮಚ ಬಾಯಿಗೆ ಹಾಕಿಕೊಳ್ಳೋದು ಸುಲಭ ಅಲ್ಲವಾ?"

ಭಟ್ಟರು ಕುಂಬಳಕಾಯಿ ಹೆಚ್ಚುವುದನ್ನು ನಿಲ್ಲಿಸಿದರು. "ನಿನ್ನ ಬಾಯಿಗೆ ಒಂದು ಚಮಚ ಹಾಕಿ ಅದು ಮುಚ್ಚೋದಾದರೆ ಈಗಲೇ ನಿಯಮ ಮುರೀತೇನೆ ಮಾರಾಯ" ಎಂದರು. ಅಡುಗೆಮನೆ ನಕ್ಕಿತು. ಉತ್ತರ ಮಾತ್ರ ಸಿಗಲಿಲ್ಲ.

ಅದೇ ದಿನಗಳಲ್ಲಿ ಭಟ್ಟರು ಎಲ್ಲರೂ ಹುಬ್ಬೇರಿಸುವಂಥ ಕೆಲಸವೊಂದನ್ನು ಮಾಡಿದರು. ಹೋಟೆಲಿನಲ್ಲಿ ಹಿಟ್ಟು ಅರೆಯುವ ಕಲ್ಲಿನ ಮುಂದೆ ಕೂರುತ್ತಿದ್ದವನು ಬಿಜಾಪುರ ಕಡೆಯವನು. ಎಲ್ಲರೂ ಅವನನ್ನು ಊರಿನ ಹೆಸರಿನಿಂದಲೇ 'ಬಿಜಾಪುರ' ಎನ್ನುತ್ತಿದ್ದರು. ಧಾರಾವಿಯಲ್ಲಿ ಹೆಂಡತಿಯ ಜೊತೆ ಒಂದು ಖೋಲಿಯಲ್ಲಿದ್ದ. ಒಲೆಯ ಕೆಲಸ ಕಲಿತು ಮುಂದೊಂದು ದಿನ ತನ್ನ ಕಡೆಯ ಕೂಲಿಗಳಿಗಾಗಿ ಸ್ವಂತ ಖಾನಾವಳಿ ಇಡಬೇಕೆಂಬ ಆಸೆ ಅವನದು. ನಮ್ಮಲ್ಲಿ ಒಲೆಯ ಮುಂದೆ ನಿಲ್ಲುವವರೆಲ್ಲ ಕರಾವಳಿಯವರು. ಕಲ್ಲು, ನೀರು, ಮೋರಿ ಉಳಿದವರ ಪಾಲು. ಹಾಗೆಂದು ಯಾರೂ ಬರೆದಿಟ್ಟಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ. ಭಟ್ಟರು ಒಂದು ಬೆಳಿಗ್ಗೆ ಅವನ ಕೈಗೆ ಸಾಂಬಾರಿನ ಸೌಟು ಕೊಟ್ಟು, "ಇನ್ನು ಇದು ನಿಂದು" ಎಂದರು.

ದೋಸೆ ಕಾವಲಿಯವನಿಗೆ ಮೈಯೆಲ್ಲ ಉರಿಯಿತು. ಆ ಸೌಟಿನ ಮೇಲೆ ಅವನಿಗೆ ಎಷ್ಟೋ ಕಾಲದಿಂದ ಕಣ್ಣಿತ್ತು. "ಜೋಳದ ರೊಟ್ಟಿ ಬಡಿಯುವ ಕೈಗೆ ನಮ್ಮ ಸಾಂಬಾರು ಎಂತ ಗೊತ್ತು ಭಟ್ರೇ?" ಎಂದ.

"ಕಾವಲಿ ಕೆರೆಯುವ ಕೈಗೆ ಗೊತ್ತಾಗ್ತದಾದರೆ ಅದಕ್ಕೂ ಗೊತ್ತಾದೀತು" ಎಂದರು ಭಟ್ಟರು. ಅಲ್ಲಿಗೆ ಮಾತು ನಿಂತಿತು. ನಾನು ಈ ಘಟನೆಯನ್ನು ಭಟ್ಟರ ಪರವಾದ ಸಾಕ್ಷ್ಯವೆಂದು ಮನಸ್ಸಿನಲ್ಲಿ ಬರೆದುಕೊಂಡೆ. ಇಂಥದ್ದನ್ನು ಮಾಡುವವನು ನಾಯಕ ಹೌದು ಎಂದು ಮೊದಲ ಬಾರಿ ಅನ್ನಿಸಿತ್ತು.

ಮೊದಮೊದಲು ಭಟ್ಟರೇ ಪಕ್ಕದಲ್ಲಿ ನಿಂತು ಉಪ್ಪು ಹಾಕಿ ತೋರಿಸಿದರು. ಆಮೇಲೊಂದು ದಿನ ಉಪ್ಪು ತುಂಬಿದ ಮರದ ಮರಿಗೆಯನ್ನು ಅವನ ಕಡೆಗೆ ಸರಿಸಿ, "ಇವತ್ತು ನೀನೇ ಹಾಕು, ನೀನೇ ಕೂಗು" ಎಂದು ತಾವು ಹಿಂದೆ ಸರಿದರು. ಗಲ್ಲಾದಲ್ಲಿದ್ದ ನನಗೆ ಕೂಗು ಸ್ಪಷ್ಟವಾಗಿ ಕೇಳಿಸಿತು. ಅವನ ಕಡೆಯ ರಾಗದಲ್ಲಿ, "ಸಾಂಬಾರಕ್ಕ ಉಪ್ಪು ಬಿತ್ತರೀ!" ನಾಲ್ಕು ಮೂಲೆಯಿಂದ, "ಬಿತ್ತು!"

ಮಧ್ಯಾಹ್ನ ಮೊದಲ ಪಂಕ್ತಿ ಕೂತಿತು. ಮೂಲೆಯ ಮೇಜಿನ ಮರಾಠಿ ಗುಮಾಸ್ತರು ಒಂದು ತುತ್ತು ಬಾಯಿಗಿಟ್ಟು, ಮುಖವನ್ನು ಹಿಂಡಿದ ನಿಂಬೆಯಂತೆ ಮಾಡಿ, ನನ್ನತ್ತ ತಿರುಗಿದರು. "ಕಾಯ್ ಶೇಟ್, ಆಜ್ ಸಮುದ್ರಚ್ ವಾಢಲಾ ಕಾ?" ಇವತ್ತು ಸಮುದ್ರವನ್ನೇ ಬಡಿಸಿದಿರಾ ಎಂದು. ಪಕ್ಕದವರು, ಬಂದರಿನಿಂದ ಅಷ್ಟು ದೂರ ನಡೆದು ಬಂದದ್ದು ದಂಡವಾಯಿತು, ಅಲ್ಲಿಯೇ ಬಗ್ಗಿ ಕುಡಿಯಬಹುದಿತ್ತು ಎಂದರು. ತಟ್ಟೆಗಳು ಒಂದೊಂದಾಗಿ ಹಿಂದೆ ಸರಿದವು. ನಾನೂ ಬೆರಳದ್ದಿ ನೋಡಿದೆ. ನಾಲಿಗೆ ಮಡಚಿಕೊಂಡಿತು.

ಮಾವ ಅಡುಗೆಮನೆಗೆ ನುಗ್ಗಿದರು, ಹಿಂದೆಯೇ ನಾನು. ಎಲ್ಲರ ಕಣ್ಣು ಆಗಲೇ ಬಿಜಾಪುರದವನ ಮೇಲಿತ್ತು.

"ನಾನು ಮೊದಲೇ ಹೇಳಿದ್ದೆ ಧನಿ" ಎಂದ ದೋಸೆಯವನು.

"ನಾಳೆಯಿಂದ ಬರ್ಬೇಡ" ಎಂದರು ಮಾವ, ಬಿಜಾಪುರದವನಿಗೆ.

ಅವನು ಸೌಟು ಕೆಳಗಿಡಲಿಲ್ಲ. "ನಾ ಒಂದ್ ಸಲಾನ ಹಾಕೀನ್ರಿ. ಎಲ್ಲಾರ ಮುಂದ ಕೂಗಿ ಹಾಕೀನಿ. ಭಟ್ಟರು ತೋರ್ಸಿದಷ್ಟ ಹಾಕೀನಿ. ಇದು ನನ್ನ ಒಬ್ಬನ ಉಪ್ಪಲ್ರೀ."

ನನಗೆ ಅದು ಸರಿ ಅನ್ನಿಸಿತು. ಒಬ್ಬನ ಕೈ ತಪ್ಪಿದರೆ ಉಪ್ಪು ಮುಂದಾಗಬಹುದು, ಸಮುದ್ರವಾಗುವುದಿಲ್ಲ. ಯಾರೋ ಎರಡನೆಯ ಸಲ ಹಾಕಿದ್ದಾರೆ, ಕೂಗದೆ ಹಾಕಿದ್ದಾರೆ. ಯಾರು? ನನಗೆ ಇದಕ್ಕಿಂತ ಹಬ್ಬ ಬೇಕೇ? ಮಾವನನ್ನು ತಡೆದು ನಿಲ್ಲಿಸಿ ವಿಚಾರಣೆ ಶುರುಮಾಡಿದೆ. ಕೂಗಾದ ಮೇಲೆ ಮರಿಗೆಯ ಹತ್ತಿರ ಯಾರು ಹೋದರು? ದೋಸೆಯವನು ಹೋಗಿದ್ದ, ಹಿಟ್ಟಿಗೆ ಉಪ್ಪು ಬೇಕಿತ್ತಂತೆ. ಆಗ ಬಿಜಾಪುರ ಎಲ್ಲಿದ್ದ? ನಲ್ಲಿಯ ಹತ್ತಿರ. ಸಾಂಬಾರು ಕೆಟ್ಟರೆ ಯಾರಿಗೆ ಲಾಭ? ಸೌಟಿನ ಮೇಲೆ ಕಣ್ಣಿದ್ದವನಿಗೆ. ಕಾರಣ ಉಂಟು, ಅವಕಾಶ ಉಂಟು, ಸಾಕ್ಷಿ ಉಂಟು. ಚರ್ಚಾಕೂಟದಲ್ಲಾಗಿದ್ದರೆ ಇಷ್ಟರಲ್ಲಿ ಚಪ್ಪಾಳೆ ಬಿದ್ದಿರುತ್ತಿತ್ತು.

ದೋಸೆಯವನ ಮುಖ ಕೆಂಪೇರಿತು. "ನನ್ನ ಅಮ್ಮನಾಣೆ ನಾನಲ್ಲ! ಹೊಟ್ಟೆಕಿಚ್ಚು ಉಂಟು, ಇಲ್ಲ ಅನ್ನುದಿಲ್ಲ. ಹಾಗಂತ ಅನ್ನ ಹಾಳು ಮಾಡ್ತೇನಾ ನಾನು?"

"ಮತ್ತೆ ಯಾರು? ದೇವರು ಹಾಕಿದನೋ?" ಎಂದೆ.

"ನಾನು ಹಾಕಿದ್ದು."

ಹೇಳಿದವರು ದೊಡ್ಡ ಭಟ್ಟರು. ಅವರ ಕೈಯಲ್ಲಿ ಅರ್ಧ ಹೆಚ್ಚಿದ ಕುಂಬಳಕಾಯಿ ಇತ್ತು.

"ಇವ ನೀರಿಗೆ ಹೋದಾಗ ಹಾಕಿದೆ. ಕೂಗ್ಲಿಲ್ಲ."

ಮಾವ ಬೇಗ ಬೇಗ, "ಮರೆತು ಹಾಕಿರ್ತೀರಿ ಭಟ್ರೇ, ವಯಸ್ಸಾಯ್ತಲ್ಲ, ಬಿಡಿ" ಎಂದರು. ತಪ್ಪಿಸಿಕೊಳ್ಳಲು ಚೆನ್ನಾದ ಬಾಗಿಲು. ಭಟ್ಟರು ಅದರೊಳಗೆ ಹೋಗಲಿಲ್ಲ.

"ಮರೆತು ಅಲ್ಲ ಧನಿ. ಹೊಸಬನ ಕೈ ಹೆದರ್ತದೆ, ಕಮ್ಮಿ ಹಾಕಿರ್ತಾನೆ ಅಂತ ಅನ್ನಿಸಿತು. ಅವನ ಕೈ ಮೇಲೆ ನನಗೆ ನಂಬಿಕೆ ಇರ್ಲಿಲ್ಲ."

ಬಿಜಾಪುರ ಈಗ ಸೌಟನ್ನು ಮೆಲ್ಲಗೆ ಕೆಳಗಿಟ್ಟ. ಮಾವ ಕೆಲಸ ಬಿಡು ಎಂದಾಗ ಬಗ್ಗದ ಅವನ ತಲೆ ಈಗ ಬಗ್ಗಿತ್ತು.

"ನಂಬಿಕಿ ಇಲ್ಲದಿದ್ರ ನನ್ನ ಯಾಕ ನಿಲ್ಸಿದ್ರಿ ಭಟ್ರ? ಕಲ್ಲಿನ ಮುಂದ ಆರಾಮ ಇದ್ನಲ್ಲ?" ಎಂದ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಟೇಹೋದ. ಮರುದಿನ ಬರಲಿಲ್ಲ.

ನಾನು ಓದಿದ್ದ ಮಕ್ಕಳ ಕಥೆಗಳಲ್ಲೆಲ್ಲ ದೊಡ್ಡವರು ತಪ್ಪೊಪ್ಪಿಕೊಂಡ ಕೂಡಲೇ ಎಲ್ಲರ ಕಣ್ಣಲ್ಲಿ ನೀರು ಬಂದು ಗೌರವ ಇಮ್ಮಡಿಯಾಗುತ್ತದೆ. ವಡಾಲದಲ್ಲಿ ಹಾಗೇನೂ ಆಗಲಿಲ್ಲ. ಮಾವ ಗಲ್ಲಾದಲ್ಲಿ ನನ್ನ ಕಿವಿಯ ಬಳಿ ಗೊಣಗಿದರು: "ಯಾಕಾದರೂ ಬಾಯಿ ಬಿಟ್ಟರೋ! ಅರೆಯುವವ ಹೋದರೆ ಇನ್ನೊಬ್ಬ ಸಿಗ್ತಾನೆ. ಭಟ್ಟರ ಹೆಸರು ಹೋದರೆ ಎಲ್ಲಿಂದ ತರುದು?" ಮಾವನ ಮಾತಿನಲ್ಲಿ ತರ್ಕವಿತ್ತು, ಅದೇ ನನ್ನನ್ನು ಕಾಡಿದ್ದು. ಒಳಗಂತೂ ಹೊಸ ರೋಗವೊಂದು ಹಬ್ಬಿತು. "ಉಪ್ಪು ಬಿತ್ತು" ಎಂದರೆ ಮೊದಲಿನ ಹಾಗೆ ಉತ್ತರ ಬರುತ್ತಿರಲಿಲ್ಲ; ಒಬ್ಬನೋ ಇಬ್ಬರೋ "ಹ್ಞೂಂ" ಎನ್ನುತ್ತಿದ್ದರು. ಒಬ್ಬ ಗೋಡೆಯ ಕಡೆ ತಿರುಗಿ ಬೆರಳು ನೆಕ್ಕುತ್ತಿದ್ದ, ಇನ್ನೊಬ್ಬ ಮೋರಿಯ ಬಳಿ ಬಗ್ಗಿ ಬಟ್ಟಲಲ್ಲಿ ಸಾರು ಕುಡಿಯುತ್ತಿದ್ದ. ರುಚಿ ನೋಡಬಾರದೆಂಬ ಅಡುಗೆಮನೆಯಲ್ಲಿ ಕದ್ದು ರುಚಿ ನೋಡದವರೇ ಉಳಿಯಲಿಲ್ಲ. ಭಟ್ಟರಿಗೆ ಎಲ್ಲ ಕಾಣುತ್ತಿತ್ತು. ಬೈಯುವ ಹಕ್ಕು ತಮಗಿಲ್ಲ ಎಂಬಂತೆ ಅವರು ಸುಮ್ಮನಿದ್ದರು. ದೋಸೆಯವನು ಅವರಿಗೆ ಎದುರು ಮಾತಾಡಲು ಶುರುಮಾಡಿದ್ದ.

ನನಗೆ ಒಂದು ವಿಷಯ ತಿಳಿಯಲೇಬೇಕಿತ್ತು. "ನಾನು ದೋಸೆಯವನನ್ನು ಅಷ್ಟು ಹೊತ್ತು ಹಿಡಿದು ಜಗ್ಗಿದೆ. ನೀವು ಯಾಕೆ ಸುಮ್ಮನಿದ್ರಿ?"

"ನಿನ್ನ ವಾದ ಚಂದ ಇತ್ತು, ಕೇಳ್ತಾ ಇದ್ದೆ" ಎಂದರು. ಆಮೇಲೆ ಅವರೇ ಮುಂದುವರಿಸಿದರು. "ಹೆದರಿಕೆ ಆಯ್ತು ಮಾರಾಯ. ಇಷ್ಟು ವರ್ಷದ ಮಾನ. ತಪ್ಪು ಬೇರೆ ಯಾರ ಮೇಲಾದರೂ ಹೋಗಿ ಬೀಳ್ತದಾ ಅಂತ ಕಾದೆ. ನಿಜವಾಗಿಯೂ ಬೀಳ್ತದೆ ಅಂತ ಕಂಡಾಗ ಹೇಳಿದೆ."

ನಾಯಕನಾದವನು ಹೆದರುವುದಿಲ್ಲ ಎಂಬ ಪಕ್ಷಕ್ಕೆ ಆ ದಿನ ನನ್ನಲ್ಲಿ ಸೋಲಾಯಿತು.

ಒಂದು ಮಧ್ಯಾಹ್ನ, ಊಟದ ಗಡಿಬಿಡಿ ಮುಗಿದ ಮೇಲೆ, ಭಟ್ಟರು ಅಂಗಿ ತೊಟ್ಟುಕೊಂಡು ಗಲ್ಲಾದ ಮುಂದೆ ನಿಂತರು. ಅವರನ್ನು ಅಂಗಿಯಲ್ಲಿ ನಾನು ಕಂಡದ್ದು ಕಡಿಮೆ. "ಧಾರಾವಿ ದಾರಿ ಗೊತ್ತುಂಟಾ ನಿಂಗೆ?" ಎಂದರು. ಮಾವ ಕತ್ತೆತ್ತಿ ನೋಡಿ, ಬೇಡ ಎನ್ನಲು ಹೋಗಿ, ಬಿಟ್ಟರು.

ಚರ್ಮದ ವಾಸನೆಯ ಗಲ್ಲಿಗಳಲ್ಲಿ ಕೇಳುತ್ತ ಕೇಳುತ್ತ ಅವನ ಖೋಲಿ ಹುಡುಕಿದೆವು. ಬಿಜಾಪುರ ಹೊರಗೆ ಕಟ್ಟೆಯ ಮೇಲೆ ಕೂತಿದ್ದ. ಗೋರೆಗಾಂವ್ ಕಡೆ ಕಾಲನಿಯ ಬಿಲ್ಡಿಂಗುಗಳು ಏಳುತ್ತಿದ್ದವು. ತನ್ನ ಊರವರ ಜೊತೆ ಅಲ್ಲಿ ಕಾಂಕ್ರೀಟು ಹೊರಲು ಹೋಗುವುದೆಂದು ಮಾತಾಗಿತ್ತಂತೆ. ಅಲ್ಲಿಗೆ ಹೋದರೆ ಸೌಟು ಮುಗಿಯಿತು, ಖಾನಾವಳಿಯೂ ಮುಗಿಯಿತು. ಅದು ಅವನಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಗೂ ಗೊತ್ತಿತ್ತು.

"ಕೆಲಸಕ್ಕೆ ಬಾ" ಎಂದರು ಭಟ್ಟರು.

"ಯಾವ ಕೆಲಸಕ್ಕರಿ? ಕಲ್ಲ ತಿರುವಾಕೋ, ಸಾಂಬಾರ ಮಾಡಾಕೋ?"

"ಸಾಂಬಾರಿಗೆ."

"ನನ್ನ ಕೈ ಮ್ಯಾಲೆ ನಂಬಿಕಿ ಇಲ್ಲ ಅಂದ್ರಿ."

"ಇರ್ಲಿಲ್ಲ."

"ಈಗ ಐತೇನ್ರಿ?"

ಹೌದು ಅನ್ನಿ, ಅನ್ನಿ ಎಂದು ನಾನು ಮನಸ್ಸಿನಲ್ಲೇ ನೂಕುತ್ತಿದ್ದೆ. ಭಟ್ಟರು ಯೋಚಿಸಿದರು. "ಪೂರ್ತಿ ಇಲ್ಲ" ಎಂದರು.

ಎಲ್ಲ ಕೆಟ್ಟಿತು ಎಂದುಕೊಂಡೆ. ಆದರೆ ಹೆಂಡತಿ ಬಾಯಿಗೆ ಸೆರಗು ಹಚ್ಚಿ ನಕ್ಕುಬಿಟ್ಟಳು. "ಸುಳ್ಳ ಹೇಳಾಕ ಇಷ್ಟ ದೂರ ಯಾರ ಬರ್ತಾರ? ಅಜ್ಜಾರು ಖರೇನ ಹೇಳ್ಯಾರ ನೋಡು" ಎಂದಳು ಗಂಡನಿಗೆ.

ಬಿಜಾಪುರ ನಗಲಿಲ್ಲ. "ಹಂಗಾರ ಒಂದ್ ಮಾತು. ಉಪ್ಪು ಹಾಕಿದ್ರ ನಾವು ಕೂಗಬೇಕು. ಸಂಶೆ ಬಂದ್ರ ನೀವು ಯಾಕ ಕೂಗೂದಿಲ್ಲ? ಸಂಶೆ ಬಂತಂದ್ರ ಎಲ್ಲಾರ ಮುಂದ ನನ್ನ ಕೇಳ್ರಿ, ಸಾಕೇನು ಅಂತ. ನಾ ಸಾಕು ಅಂದ್ರ ಮುಗೀತು, ನಿಮ್ಮ ಕೈ ಸಾಂಬಾರದ ಭಾಂಡೆಕ್ಕ ಬರಬಾರದು. ಕೆಟ್ರ ನಂದು."

"ಆಯ್ತು. ಕೂಗ್ತೇನೆ" ಎಂದರು ಭಟ್ಟರು.

ಅವಳು ಚಹಾ ತಂದಳು. ಭಟ್ಟರು ಕೈ ಮುಗಿದು, ಹೊರಗೆ ಕುಡಿಯುವ ರೂಢಿ ಇಲ್ಲ ಎಂದರು. ಅವಳ ಮುಖ ಸಣ್ಣದಾಯಿತು. ಎರಡೂ ಕಪ್ಪು ನಾನೇ ಕುಡಿದೆ. ವಾಪಸು ನಡೆಯುವಾಗ ನಾನು ಬಿಡಲಿಲ್ಲ. "ಅವರಿಂದ ನಂಬಿಕೆ ಕೇಳಲು ಹೋದವರು ಅವರ ಚಹಾ ಕುಡಿಯಲಿಲ್ಲ. ಇದು ಯಾವ ನ್ಯಾಯ?"

"ನೀನು ಹೇಳುದು ಸರಿ. ಆದರೆ ಇವತ್ತೇ ಎಲ್ಲ ಆಗ್ತದಾ?" ಎಂದರು ಭಟ್ಟರು. ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ.

ಬಿಜಾಪುರ ಬಂದ. ಗಲ್ಲಾದಲ್ಲಿ ಕೂತು ಕಿವಿ ನೆಟ್ಟಗೆ ಮಾಡಿಕೊಂಡೆ.

"ಸಾಂಬಾರಕ್ಕ ಉಪ್ಪು ಬಿತ್ತರೀ!"

"ಸಾಕಾ?" ಭಟ್ಟರ ಗಂಟಲು, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ.

"ಸಾಕ್ರೀ!"

ಮೊದಲ ಪಂಕ್ತಿಯಲ್ಲಿ ಅದೇ ಮರಾಠಿ ಗುಮಾಸ್ತರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ನುಂಗಿದರು. ಇನ್ನೊಂದು ಬಟ್ಟಲು ಕೇಳಿದರು. ಆದರೂ ಮರುದಿನ ಮತ್ತೆ "ಸಾಕಾ?", ಅದರ ಮರುದಿನವೂ. ಅನುಮಾನ ಬಹಿರಂಗವಾದ ಮೇಲೆ ಬಿಜಾಪುರದವನಿಗೆ ಅವಮಾನ ಆಗುತ್ತಿರಬಹುದು ಎಂದುಕೊಂಡಿದ್ದೆ. ಅವನ ಉತ್ತರ ಮಾತ್ರ ದಿನದಿನಕ್ಕೆ ಗಟ್ಟಿಯಾಗುತ್ತ ಹೋಯಿತು.

ಒಂದು ದಿನ ಭಟ್ಟರು ತಾವೇ ಸಾರಿಗೆ ಉಪ್ಪು ಹಾಕಿ ಕೂಗಿದರು. ಕಾವಲಿಯ ಕಡೆಯಿಂದ ದೋಸೆಯವನು ಕೆಣಕುವ ರಾಗ ಎಳೆದ: "ಸಾಕಾ ಭಟ್ರೇ?"

ದೊಡ್ಡ ಭಟ್ಟರಿಗೆ ಆ ಪ್ರಶ್ನೆ ಕೇಳಿದವರು ಅದುವರೆಗೆ ಇರಲಿಲ್ಲ. ನಾನು ಎದ್ದು ಬಾಗಿಲಿಗೆ ಹೋದೆ. ಭಟ್ಟರು ಸಾರಿನ ಪಾತ್ರೆಯತ್ತ ನೋಡಿದರು, ತಮ್ಮ ಅಂಗೈ ನೋಡಿಕೊಂಡರು. "ಇರು, ಇನ್ನೊಂದು ಚಿಟಿಕೆ ಬೇಕು" ಎಂದು ಹಾಕಿ, ಮತ್ತೆ ಕೂಗಿದರು. "ಬಿತ್ತು!"

"ಬಿತ್ತು!" ಎಂದಿತು ಇಡೀ ಅಡುಗೆಮನೆ, ಎಲ್ಲರಿಗಿಂತ ಗಟ್ಟಿಯಾಗಿ ದೋಸೆಯವನು. ಅಂದಿನಿಂದ ಗೋಡೆಗೆ ತಿರುಗಿ ಬೆರಳು ನೆಕ್ಕುವವರು ಕಡಿಮೆಯಾದರು. ಯಾಕೆಂದು ನನ್ನಲ್ಲಿ ಮೂರ್ನಾಲ್ಕು ವಿವರಣೆಗಳಿವೆ, ಒಂದನ್ನೂ ಸಾಬೀತು ಮಾಡಲಾರೆ.

ಮಳೆಗಾಲ ಶುರುವಾಗಿ ಲೋಕಲ್ ತಡವಾಗುತ್ತಿದ್ದ ದಿನಗಳು. ಕಾಲೇಜಿನಿಂದ ಒದ್ದೆಯಾಗಿ ಬಂದವನು ಒಲೆಯ ಬಿಸಿಗೆ ಒಳಗೆ ನಿಂತಿದ್ದೆ. ಬಿಜಾಪುರ ಮರಿಗೆಗೆ ಕೈ ಹಾಕಿದ, ಪಾತ್ರೆಗೆ ಹಾಕಿದ. "ಸಾಂಬಾರಕ್ಕ ಉಪ್ಪು ಬಿತ್ತರೀ!"

"ಬಿತ್ತು!" ಎಂದರು ಎಲ್ಲರೂ.

ಆಮೇಲೆ ಏನೂ ಇಲ್ಲ. ಭಟ್ಟರು ನೆಲದ ಮೇಲೆ ಕೂತು ತೆಂಗಿನಕಾಯಿ ತುರಿಯುತ್ತಿದ್ದರು, ತುರಿಯುತ್ತಲೇ ಇದ್ದರು. ದೋಸೆಯವನು ಕಾವಲಿಯ ಮೇಲೆ ಹಿಟ್ಟು ಬಿಟ್ಟು ಸುತ್ತುವುದನ್ನು ಮರೆತ. ಬಿಜಾಪುರ ಸೌಟು ಹಿಡಿದು ಕಾದ. ಕೊನೆಗೆ ಅವನಿಗೇ ತಡೆಯಲಾಗಲಿಲ್ಲ.

"ಭಟ್ರ, ಇವತ್ತ ಕೇಳಲಿಲ್ರಿ?"

ಭಟ್ಟರು ತಲೆಯೆತ್ತಲಿಲ್ಲ. "ಎಂತ ಕೇಳುದು? ಬಿತ್ತಲ್ಲ."

"ಅಲ್ರೀ, ಒಂದ್ ಸಲ ಕೇಳಿಬಿಡ್ರಿ. ನನಗ ಒಂಥರಾ ಆಗಾಕ್ಹತ್ತೈತಿ."

"ನಿಂಗೆ ಸಂಶಯ ಬಂದರೆ ನೀನೇ ಕೂಗು ಮಾರಾಯ, ನನಗೆ ಬರ್ಲಿಲ್ಲ" ಎಂದರು ಭಟ್ಟರು. "ದೋಸೆ ಹೊತ್ತಿತು, ನೋಡಿ ಅಲ್ಲಿ."

ಬಿಜಾಪುರ ಪಾತ್ರೆಯನ್ನು ನೋಡಿದ, ತನ್ನ ಕೈ ನೋಡಿಕೊಂಡ. ಅವನು ಏನನ್ನೂ ಕೂಗಲಿಲ್ಲ. ಸೌಟು ಅದ್ದಿ ಕಲಕಿ, ಪಾತ್ರೆಯ ಕಿವಿಗೆ ಬಟ್ಟೆ ಸುತ್ತಿ, ಬಡಿಸುವವನಿಗೆ ದಾಟಿಸಿದ. ನಾನು ಗಲ್ಲಾಕ್ಕೆ ಬಂದು ಮೂಲೆಯ ಮೇಜಿನ ಗುಮಾಸ್ತರು ಮೊದಲ ತುತ್ತು ಎತ್ತುವುದನ್ನು ನೋಡುತ್ತ ಕೂತೆ. ನನಗೆ ಇನ್ನೂ ಸಂಶಯವಿತ್ತು.